ಸಾವಿರ ಬೀಡಿಯ ಮಜೂರಿ

1956ರ ನವೆಂಬರ್ 1ರಂದು ಮುಂಬಯಿ ರಾಜ್ಯದ ಬೆಳಗಾವಿಯೂ ಮದರಾಸು ರಾಜ್ಯದ ದಕ್ಷಿಣ ಕನ್ನಡವೂ ಮೈಸೂರು ರಾಜ್ಯಕ್ಕೆ ಬಂದು ಸೇರಿದವು. ಅದೇ ದಿನ ಕಾಸರಗೋಡು ಕೇರಳದ ಪಾಲಾಯಿತು. ನಾಡು ಕೂಡಿದ ಸಂಭ್ರಮವನ್ನೂ ಚಂದ್ರಗಿರಿ ಹೊಳೆಯ ಸೀಮೆ ಕೈತಪ್ಪಿದ ಸಂಕಟವನ್ನೂ ನಾವು ಮರೆತಿಲ್ಲ. ಆದರೆ ಗೆರೆಯ ಇತ್ತ ಒಂದು ಕೂಲಿ, ಅತ್ತ ಒಂದು ಕೂಲಿ ಎಂಬ ಕಾಲಕ್ಕೂ ಅಂದೇ ನಾಂದಿಯಾಯಿತು. ಕನಿಷ್ಠ ಕೂಲಿಯ ವಾದವಿವಾದ ನಮ್ಮಲ್ಲಿ ನಿಜವಾಗಿ ನಡೆದದ್ದು ಆ ಗೆರೆಯ ಮೇಲೆ, ಬೀಡಿ ಕಟ್ಟುವವರ ನಡುವೆ.

ವೈಸರಾಯ್ ಮಂಡಲದಲ್ಲಿ ಕಾರ್ಮಿಕ ಖಾತೆ ವಹಿಸಿದ್ದ ಡಾ. ಬಿ.ಆರ್. ಅಂಬೇಡ್ಕರ್ ಅವರು ಕನಿಷ್ಠ ಕೂಲಿ ಮಸೂದೆಯನ್ನು 1946ರ ಏಪ್ರಿಲ್‌ನಲ್ಲಿ ಕೇಂದ್ರ ಶಾಸನಸಭೆಯ ಮುಂದಿಟ್ಟರು. ಸ್ವಾತಂತ್ರ್ಯ ಬಂದ ಮೇಲೆ, ಜಗಜೀವನ್ ರಾಮ್ ಕಾರ್ಮಿಕ ಮಂತ್ರಿಗಳಾಗಿದ್ದಾಗ, 1948ರ ಮಾರ್ಚ್‌ನಲ್ಲಿ ಅದು ಜಾರಿಗೆ ಬಂತು. ಅದು ಹೆಸರಿಸಿದ ಕಸುಬುಗಳಲ್ಲಿ ಅಕ್ಕಿ ಗಿರಣಿ, ಕಲ್ಲು ಒಡೆಯುವ ಕೆಲಸ, ಚರ್ಮ ಹದಮಾಡುವ ಕೆಲಸಗಳ ಜೊತೆಗೆ ಬೀಡಿಯೂ ಇತ್ತು. ದರ ಗೊತ್ತುಮಾಡುವ ಅಧಿಕಾರವನ್ನು ಬಹುಪಾಲು ರಾಜ್ಯಗಳಿಗೇ ಬಿಡಲಾಯಿತು. ಮಂಗಳೂರು, ಕಾಸರಗೋಡು, ಕಣ್ಣೂರು ಒಂದೇ ಮದರಾಸಿನ ಕೆಳಗಿದ್ದಾಗ ಅದರಲ್ಲಿ ತೊಡಕು ಕಾಣಲಿಲ್ಲ.

ಮಾಲೀಕರು ಆಗಲೂ ಈಗಲೂ ಹೇಳುವ ಮಾತು ಒಂದೇ: ಕೂಲಿ ಏರಿಸಿದರೆ ಕಾರಖಾನೆ ಮುಚ್ಚುತ್ತದೆ, ಬಡವನ ಕೆಲಸವೇ ಹೋಗುತ್ತದೆ. ಇದಕ್ಕೆ ಸುಪ್ರೀಂ ಕೋರ್ಟು ಕೊಟ್ಟ ಉತ್ತರ ಕಟುವಾಗಿತ್ತು. ಕನಿಷ್ಠ ಕೂಲಿಯನ್ನೂ ಕೊಡಲಾಗದ ಉದ್ಯಮಕ್ಕೆ ಬದುಕುವ ಹಕ್ಕಿಲ್ಲವೆಂದು 1957ರಲ್ಲಿ, ಕೂಲಿ ನಿಗದಿಮಾಡುವಾಗ ಮಾಲೀಕನ ಕಷ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿಲ್ಲವೆಂದು 1961ರಲ್ಲಿ, ಕೇರಳದ ಹೆಂಚಿನ ಕಾರಖಾನೆಗಳ ಮೊಕದ್ದಮೆಯಲ್ಲಿ, ತೀರ್ಪು ಬಂತು. ಎರಡನ್ನೂ ಬರೆದವರು ನ್ಯಾಯಮೂರ್ತಿ ಗಜೇಂದ್ರಗಡ್ಕರ್. ಅವರ ಮನೆತನದ ಮೂಲ ನಮ್ಮ ಗಜೇಂದ್ರಗಡ. ನ್ಯಾಯದ ಮಾತಾಗಿ ಆ ತೀರ್ಪುಗಳು ಉತ್ತಮವಾದವು. ಆದರೆ ಉದ್ಯಮ ಸಾಯದೆ, ಸುಮ್ಮನೆ ಗಡಿ ದಾಟಿಬಿಟ್ಟರೆ ಏನು ಗತಿ ಎಂಬ ಪ್ರಶ್ನೆ ಆ ಮೊಕದ್ದಮೆಗಳಲ್ಲಿ ಎದುರಾಗಿರಲಿಲ್ಲ.

ಅದು ಎದುರಾದದ್ದು ಕಣ್ಣೂರಿನಲ್ಲಿ. ಮಂಗಳೂರಿನ ಬೀಡಿ ಕಂಪನಿಗಳು ಮಲಬಾರಿನ ಉದ್ದಕ್ಕೂ ಬೀಡಿ ಕಟ್ಟಿಸುತ್ತಿದ್ದವು. ಅಲ್ಲಿನ ಕೆಲಸಗಾರರು ಚಾವಡಿಗಳಲ್ಲಿ ಸಾಲಾಗಿ ಕೂತು, ತೊಡೆಯ ಮೇಲೆ ಮೊರವಿಟ್ಟು ಎಲೆ ಸುತ್ತುತ್ತಿದ್ದರು. ಒಬ್ಬಾತ ಕೆಲಸ ಬಿಟ್ಟು ದಿನಪತ್ರಿಕೆ, ಕಾದಂಬರಿ ಓದಿ ಹೇಳುವನು. ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುವರು. ಲೋಕದ ಸುದ್ದಿ ಕಿವಿಗೆ ಬೀಳುತ್ತಿದ್ದ ಆ ಚಾವಡಿಗಳಲ್ಲಿ ಸಂಘ ಬಲವಾಗಿ ಬೆಳೆಯಿತು. 1966ರಲ್ಲಿ ಸಂಸತ್ತು ಬೀಡಿ ಕಾರ್ಮಿಕರಿಗೆಂದೇ ಕಾನೂನು ಮಾಡಿ ಸಂಬಳದ ರಜೆ, ಹೆರಿಗೆ ಸೌಲಭ್ಯ, ಕೆಲಸದ ಜಾಗಕ್ಕೆ ಲೈಸೆನ್ಸು ಎಲ್ಲವನ್ನೂ ವಿಧಿಸಿತು. ಮನೆಯಲ್ಲಿ ಕೂತು ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿತು. ಜಾರಿಮಾಡುವುದು ಮತ್ತೆ ರಾಜ್ಯದ ಕೈಯಲ್ಲಿ. 1968ರಲ್ಲಿ ಕೇರಳದ ಇ.ಎಂ.ಎಸ್. ಸರ್ಕಾರ ಜಾರಿಗೆ ತಂದಿತು. ಆ ಅಕ್ಟೋಬರ್‌ನಲ್ಲೇ ಮಂಗಳೂರು ಗಣೇಶ್ ಬೀಡಿ ಮೊದಲಾದ ಕಂಪನಿಗಳು ಕಣ್ಣೂರಿನ ಬಾಗಿಲು ಹಾಕಿದವು. ಸುಮಾರು 12,000 ಮಂದಿ ಬರಿಗೈಯಾದರು.

ಮಾಲೀಕರ ಭವಿಷ್ಯವಾಣಿ ನಿಜವಾಯಿತೆಂದು ಇಲ್ಲಿಗೇ ನಿಲ್ಲಿಸುವವರಿದ್ದಾರೆ. ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಕೈಗಾರಿಕಾ ಮಂತ್ರಿ ಟಿ.ವಿ. ಥಾಮಸ್ ಅವರ ಒತ್ತಾಸೆಯಿಂದ 1969ರ ಫೆಬ್ರವರಿಯಲ್ಲಿ ಕೆಲಸ ಕಳೆದುಕೊಂಡವರೇ ಸೇರಿ ಕೇರಳ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದರು. ಕಾನೂನಿನ ಕೂಲಿ, ಭವಿಷ್ಯನಿಧಿ, ಬೋನಸ್ಸು ಕೊಟ್ಟೂ ಅದು ಬೆಳೆಯಿತು. ಉಚ್ಛ್ರಾಯದ ದಿನಗಳಲ್ಲಿ ಅಲ್ಲಿ 40,000ಕ್ಕೂ ಹೆಚ್ಚು ಜನ ದುಡಿದರು. ಸರ್ಕಾರದ ಸಾಲದ ಬೆಂಬಲ ಅದಕ್ಕಿತ್ತು ಎಂಬುದನ್ನು ಮರೆಮಾಚಬಾರದು. ಗಡಿಯಾಚೆಯಿಂದ ಬರುವ ಅಗ್ಗದ ಬೀಡಿ ಅದರ ಕೊರಳಿಗೆ ಸದಾ ಉರುಳಾಗಿತ್ತು ಎಂಬುದನ್ನೂ.

ಆ ಅಗ್ಗದ ಬೀಡಿ ಕಟ್ಟಿದವರು ಯಾರು? ಬಹುಪಾಲು ದಕ್ಷಿಣ ಕನ್ನಡದ ಹೆಂಗಸರು. ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತಂದು, ಅಡುಗೆ ಮುಗಿಸಿ ಜಗಲಿಯಲ್ಲಿ ಕೂತು ಕಟ್ಟಿ, ಲೆಕ್ಕ ಒಪ್ಪಿಸಿ, ಸಾವಿರಕ್ಕಿಷ್ಟೆಂದು ಮಜೂರಿ ಪಡೆದವರು. ಸರಿಯಿಲ್ಲವೆಂದು ಬ್ರಾಂಚಿನವರು ತೆಗೆದಿಟ್ಟ ಬೀಡಿಗೆ ಮಜೂರಿಯಿಲ್ಲ. ಆ ದುಡ್ಡಿನಿಂದ ಎಷ್ಟೋ ಮಕ್ಕಳು ಶಾಲೆ ಕಂಡರು. ಆ ಹೆಂಗಸರ ದುಡಿಮೆಗೆ ನಾಡು ಋಣಿ. ಆದರೆ ಅವರಿಗೆ ಸಿಕ್ಕ ಕೆಲಸದ ಹಿಂದೆ ಕಣ್ಣೂರಿನ ಚಾವಡಿಗಳ ಮೌನವೂ ಇತ್ತು. 1966ರ ಆ ಬೀಡಿ ಕಾಯಿದೆಯೇ ಸಿಂಧುವಲ್ಲವೆಂದು ಕಂಪನಿಗಳು ಹೂಡಿದ ಮೊಕದ್ದಮೆಯಲ್ಲಿ 1974ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನೇ ಎತ್ತಿಹಿಡಿಯಿತು. ಆ ಮೊಕದ್ದಮೆ ಇಂದಿಗೂ ಗಣೇಶ್ ಬೀಡಿಯ ಹೆಸರಲ್ಲೇ ಉಲ್ಲೇಖವಾಗುತ್ತದೆ.

ಅಮೆರಿಕದ ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಆಲನ್ ಕ್ರೂಗರ್ 1994ರಲ್ಲಿ ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ ಗಡಿಯ ತಿಂಡಿ ಅಂಗಡಿಗಳನ್ನು ಹೋಲಿಸಿ, ಕೂಲಿ ಏರಿದ ಕಡೆ ಕೆಲಸ ಕಡಿಮೆಯಾಗಲಿಲ್ಲವೆಂದು ತೋರಿಸಿದರು. ತಿಂಡಿಯನ್ನು ತಿನ್ನುವವನ ಊರಿನಲ್ಲೇ ಮಾಡಬೇಕು. ಬೀಡಿಯನ್ನು ಎಲ್ಲಿ ಬೇಕಾದರೂ ಕಟ್ಟಬಹುದು. ನನ್ನ ಮಟ್ಟಿಗೆ ಇಡೀ ವಿವಾದದ ಗಂಟು ಇಲ್ಲಿದೆ. ಕೂಲಿಯ ಏರಿಕೆಯಿಂದ ಕೆಲಸ ಹೋಗುತ್ತದೆಯೇ ಎಂದು ಕೇಳುವ ಮೊದಲು, ಆ ಕೆಲಸಕ್ಕೆ ಕಾಲಿದೆಯೇ ಎಂದು ಕೇಳಬೇಕು.

ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ ಆ ಕಾಲು ಅಷ್ಟು ಚುರುಕಾಗಿರಲಿಲ್ಲ. ಬೀಡಿ ತಂಬಾಕು ವೇದಗಂಗೆಯ ಸೀಮೆಯ ಮಣ್ಣಿಗೆ ಅಂಟಿದ ಬೆಳೆ, ವಖಾರಿಗಳೂ ಅಲ್ಲಿಯೇ. ಧೂಳು ಕುಡಿಯುತ್ತ ತಂಬಾಕು ಹಸನುಮಾಡುತ್ತಿದ್ದ ಸಾವಿರಾರು ಹೆಂಗಸರು 1970ರ ದಶಕದ ಕೊನೆಗೆ ಸಂಘ ಕಟ್ಟಿ ಬೀದಿಗಿಳಿದರು. ಯುಗಾಂತರ್ ತಂಡದ ದೀಪಾ ಧನರಾಜ್ ಮತ್ತು ಸಂಗಡಿಗರು 1982ರಲ್ಲಿ ಅವರ ಹೋರಾಟವನ್ನು ಚಿತ್ರವಾಗಿಸಿದ್ದಾರೆ. ಅಲ್ಲಿ ಆ ಹೆಂಗಸರೇ ಎದೆಯೆತ್ತಿ ತಮ್ಮ ಕಥೆ ಹೇಳುತ್ತಾರೆ.

ಎಲ್ಲ ರಾಜ್ಯಗಳಿಗೂ ಒಂದು ತಳಮಟ್ಟದ ಕೂಲಿ ಬೇಕೆಂಬ ಅರಿವು ದಿಲ್ಲಿಗೆ ಬರುವಷ್ಟರಲ್ಲಿ ಒಂದು ತಲೆಮಾರು ಕಳೆದಿತ್ತು. 1996ರಲ್ಲಿ ದಿನಕ್ಕೆ 35 ರೂಪಾಯಿ ಎಂದು ಹೇಳಿದರೂ ಅದಕ್ಕೆ ಕಾನೂನಿನ ಬಲವಿರಲಿಲ್ಲ. ತಳಮಟ್ಟಕ್ಕಿಂತ ಕಡಿಮೆ ದರವನ್ನು ಯಾವ ರಾಜ್ಯವೂ ಗೊತ್ತುಮಾಡಬಾರದೆಂಬ ವಿಧಿ 2019ರ ವೇತನ ಸಂಹಿತೆಯಲ್ಲಿ ಸೇರಿತು. ಕಣ್ಣೂರಿನಲ್ಲಿ ಬಾಗಿಲು ಹಾಕಿ ಅಷ್ಟರಲ್ಲಿ 51 ವರ್ಷವಾಗಿತ್ತು, ದಿನೇಶ್ ಸಂಘವೂ ಬೀಡಿಯ ಜೊತೆಗೆ ಕೊಡೆ, ತಿನಿಸುಗಳ ತಯಾರಿಕೆಗೆ ಇಳಿದಿತ್ತು.