ಗೋಡೆಪತ್ರಿಕೆಯಿಂದ ಅಂತರಜಾಲದವರೆಗೆ



ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ, ಕೊನೆಗೆ ಹಾಸನ – ಪಾಠ ಹೇಳಿದ ಊರುಗಳಲ್ಲೆಲ್ಲ ನಾನು ಗೋಡೆಪತ್ರಿಕೆ ನಡೆಸಿದ್ದು ನಿಮಗೆ ನೆನಪಿರಬಹುದು. ಮೇಷ್ಟರ ಲೇಖನ ಅಂಟಿಸಿದ ವಾರ ಅದರ ಮುಂದೆ ನಾಲ್ಕು ಮಂದಿಯೂ ನಿಲ್ಲುತ್ತಿರಲಿಲ್ಲ. ಮಕ್ಕಳ ಬರಹವಿದ್ದ ವಾರ ಮಾತ್ರ, ಬರೆದವನೇ ಗೆಳೆಯರನ್ನೆಲ್ಲ ಕೈಹಿಡಿದು ಎಳೆತರುತ್ತಿದ್ದ. ಅಂತರಜಾಲ ತಾಣಗಳ ಇತಿಹಾಸದ ಗುಟ್ಟೂ ಇದೇ.

1994ರಲ್ಲಿ ಹುಟ್ಟಿದ ಯಾಹೂ ಮೊದಲಿಗೆ ತಾಣಗಳ ಪಟ್ಟಿಯಷ್ಟೇ ಆಗಿತ್ತು. ಜಾಹೀರಾತಿನ ವರಮಾನವು ನೋಡುಗರ ಸಂಖ್ಯೆಯನ್ನು ಅವಲಂಬಿಸಿದ್ದರಿಂದ, ಬಂದವರನ್ನು ಅಲ್ಲಿಯೇ ಉಳಿಸಿಕೊಳ್ಳುವ ಪೈಪೋಟಿ ಮೊದಲಾಯಿತು. ಸಂಬಳ ಕೊಟ್ಟು ಬರೆಸುವುದಕ್ಕೆ ಮಿತಿಯುಂಟು. ಓದುಗರೇ ಬರೆದರೆ ಮಿತಿಯಿಲ್ಲ. ಮೇಲಾಗಿ, ಪ್ರತಿಯೊಂದು ಬರಹವೂ ಹುಡುಕಿ ಬರುವವರಿಗೆ ಹೊಸದೊಂದು ಬಾಗಿಲು. ಆದುದರಿಂದಲೇ ಜನರಿಗೆ ಉಚಿತ ಪುಟಗಳನ್ನು ಕೊಡುತ್ತಿದ್ದ ಜಿಯೋಸಿಟೀಸನ್ನು ಯಾಹೂ 1999ರಲ್ಲಿ 300 ಕೋಟಿ ಡಾಲರಿಗೂ ಮಿಕ್ಕಿದ ಬೆಲೆಯ ಷೇರುಗಳನ್ನಿತ್ತು ಕೊಂಡಿತು. 2006ರಲ್ಲಿ ಗೂಗಲ್, ಒಂದು ವರ್ಷವಷ್ಟೇ ತುಂಬಿದ್ದ ಯೂಟ್ಯೂಬಿಗೆ 165 ಕೋಟಿ ಡಾಲರ್ ತೆತ್ತಿತು.

ಕನ್ನಡದಲ್ಲಿ ಡಾ. ಯು.ಬಿ. ಪವನಜರ ವಿಶ್ವಕನ್ನಡ 1996ರಲ್ಲಿಯೇ ಬಂದಿತ್ತು. 2000ದಲ್ಲಿ ಬಂದ ದಟ್ಸ್‌ಕನ್ನಡವು ಹೊರನಾಡಿನ ಕನ್ನಡಿಗರ ಬರಹಗಳಿಗೆ ಎಡೆಗೊಟ್ಟಿತು. 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ ಸದಸ್ಯರೇ ಬರೆಯುವ ಸಂಪದ ಮೂಡಿದವು. ವಿಕಿಪೀಡಿಯದಲ್ಲಿ ಜಾಹೀರಾತಿನ ಹಂಗಿಲ್ಲ. ಬರೆಯುವವರ ಅಭಿಮಾನವೇ ಅದರ ಬಂಡವಾಳ. ಪತ್ರಿಕೆಗಳ ಬಾಗಿಲು ತಟ್ಟಲಾರದವರು ಈ ಜಗಲಿಗಳ ಮೇಲೆ ಲೇಖಕರಾದರೆಂಬುದು ಸಣ್ಣ ಲಾಭವಲ್ಲ.

ನಷ್ಟವೂ ಉಂಟು. ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು. ಯಾಹೂವಿನ ಪ್ರಶ್ನೋತ್ತರ ತಾಣ 2021ರಲ್ಲಿ ಕೊನೆಗೊಂಡಿತು. ನನ್ನದೂ ಒಂದು ನೋವಿದೆ. ಗೊರೂರಿನ ಹೇಮಾವತಿ ಜಲಾಶಯದಲ್ಲಿ ಮುಳುಗಿದ ಹಳ್ಳಿಗಳ ಹಿರಿಯರನ್ನು ಕಂಡು, ಅವರ ಹೊಲ, ಗುಡಿ, ಜಾತ್ರೆಗಳ ನೆನಪುಗಳನ್ನು ಬರೆದು ಒಂದು ತಾಣಕ್ಕೆ ಒಪ್ಪಿಸಿದ್ದೆ. ತಾಣ ಮುಚ್ಚಿತು. ಪ್ರತಿ ಇಟ್ಟುಕೊಳ್ಳದಿದ್ದುದು ನನ್ನದೇ ತಪ್ಪು. ಹೇಳಿದ ಹಿರಿಯರೂ ಈಗಿಲ್ಲ. ಆ ಹಳ್ಳಿಗಳು ನನ್ನ ಪಾಲಿಗೆ ಎರಡನೆಯ ಸಲ ಮುಳುಗಿದವು.

ನಮ್ಮ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು 1902ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟವಾಗಿ ಹೊರತಂದರು. ಕಲ್ಲು ಸವೆದರೂ ಪುಸ್ತಕ ಉಳಿದಿದೆ. ಇನ್ನೊಬ್ಬರ ಜಗಲಿಯ ಮೇಲೆ ಧಾರಾಳವಾಗಿ ಬರೆಯಿರಿ. ಆದರೆ ಒಂದು ಪ್ರತಿ ನಿಮ್ಮ ಮನೆಯ ಪೆಟ್ಟಿಗೆಯಲ್ಲಿರಲಿ. ಮೇಷ್ಟರ ಈ ಪಾಠಕ್ಕೆ ಪರೀಕ್ಷೆಯಿಲ್ಲ, ಆದರೂ ಮರೆಯಬೇಡಿ.