ಒಪ್ಪಿ ಬಿಡುವಾಗಲೂ ಲೆಕ್ಕ ಬೇಕು

ನಮ್ಮಲ್ಲಿ ಮದುವೆಯ ದಿನ ಲೆಕ್ಕವನ್ನು ನಾಲ್ಕು ಜನರ ಎದುರಿಗೇ ಹೇಳುತ್ತೇವೆ. ಮೆಹರ್ ಎಷ್ಟು, ಕೈಗೆ ಕೊಟ್ಟದ್ದೆಷ್ಟು, ಬಾಕಿ ಎಷ್ಟು ಎಂದು ನಿಕಾಹ್‌ನಾಮಾದಲ್ಲಿ ಬರೆಸಿ ಸಾಕ್ಷಿಗಳಿಂದ ರುಜು ಹಾಕಿಸುತ್ತೇವೆ. ಅದೇ ಮದುವೆ ಮುರಿಯುವಾಗ, ಅದರಲ್ಲೂ ಇಬ್ಬರೂ ಜಗಳವಿಲ್ಲದೆ ಒಪ್ಪಿ ಬೇರೆಯಾಗುವಾಗ, ಗಂಡನ ಬಳಿ ಏನಿದೆ, ಹೆಂಡತಿಗೆ ಸೇರಬೇಕಾದದ್ದೇನು ಎಂದು ಕೇಳುವವರು ಕಡಿಮೆ. ‘ಹೇಗೂ ಇಬ್ಬರೂ ಒಪ್ಪಿದ್ದಾರಲ್ಲ’ ಎಂಬ ಮಾತಿನಲ್ಲಿ ಎಲ್ಲವೂ ಮುಗಿದುಹೋಗುತ್ತದೆ.

ಒಪ್ಪಿಗೆಯ ವಿಚ್ಛೇದನ ಇಸ್ಲಾಮೀ ಕಾನೂನಿಗೆ ಹೊಸದಲ್ಲ. ಹೆಂಡತಿ ಮೆಹರನ್ನೋ ಅದರ ಭಾಗವನ್ನೋ ಬಿಟ್ಟುಕೊಟ್ಟು ಪಡೆಯುವ ಬಿಡುಗಡೆ ಖುಲಾ. ಇಬ್ಬರೂ ಬಯಸಿ ಬೇರೆಯಾಗುವುದು ಮುಬಾರಾತ್. 1937ರ ಶರೀಅತ್ ಕಾಯ್ದೆ ಎರಡನ್ನೂ ಹೆಸರಿಸಿದೆ. ಆದರೆ ಆಸ್ತಿಪಾಸ್ತಿಯ ವಿವರ ಕೊಡಬೇಕೆಂಬ ಮಾತು ಅದರಲ್ಲಿಲ್ಲ. ಹಾಗೆಂದು ಲೆಕ್ಕ ಬರೆದಿಡುವುದು ನಮಗೆ ಹೊರಗಿನಿಂದ ಬಂದ ಪದ್ಧತಿಯಲ್ಲ. ಕುರ್‌ಆನಿನ ಅತಿ ದೀರ್ಘ ಆಯತ್ತಾದ ಅಲ್‌ಬಕರಾ ಅಧ್ಯಾಯದ 282ನೆಯದು, ಸಾಲ ಸಣ್ಣದಿರಲಿ ದೊಡ್ಡದಿರಲಿ ಬರೆದಿಡಲು ಹೇಳುತ್ತದೆ. ಬಾಕಿ ಮೆಹರ್ ಗಂಡನ ತಲೆಯ ಮೇಲಿನ ಸಾಲವೇ. ಉಳ್ಳವನು ತನ್ನ ಅನುಕೂಲಕ್ಕೆ ತಕ್ಕಂತೆ ಖರ್ಚು ಮಾಡಲಿ ಎಂಬುದು ತಲಾಖ್ ಅಧ್ಯಾಯದ 7ನೆಯ ಆಯತ್ತಿನ ತಾತ್ಪರ್ಯ. ಅನುಕೂಲ ಎಷ್ಟೆಂದೇ ತಿಳಿಯದಿದ್ದರೆ ತಕ್ಕದ್ದು ಯಾವುದೆಂದು ಹೇಳುವುದು ಹೇಗೆ?

ಇಂದೋರಿನ ಶಾಬಾನು ಪ್ರಕರಣ ಒಪ್ಪಿಗೆಯದಲ್ಲ, ಜಗಳದ್ದು. ಆದರೂ ಅದರ ಅಂಕಿಗಳನ್ನು ನಾವು ಮರೆಯಬಾರದು. 1932ರಲ್ಲಿ ಮದುವೆಯಾಗಿ 1975ರಲ್ಲಿ ಮನೆಯಿಂದ ಹೊರಬಿದ್ದ ಆಕೆ, 1978ರಲ್ಲಿ ತಿಂಗಳಿಗೆ 500 ರೂಪಾಯಿ ಕೇಳಿದರು. ವಕೀಲನಾಗಿದ್ದ ಗಂಡನ ಆದಾಯ ವರ್ಷಕ್ಕೆ ಸುಮಾರು 60,000 ರೂಪಾಯಿ ಎಂದು ಆಕೆಯ ವಾದ. ಮ್ಯಾಜಿಸ್ಟ್ರೇಟರು ಕೊಡಿಸಿದ್ದು 25 ರೂಪಾಯಿ. ಹೈಕೋರ್ಟು ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. 1985ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ದೇಶವೆಲ್ಲ ಶರೀಅತ್ತಿನ ಬಗ್ಗೆ ವಾದಿಸಿತು. ಗಂಡನ ಆದಾಯಕ್ಕೂ 25 ರೂಪಾಯಿಗೂ ಏನು ಸಂಬಂಧವೆಂದು ಕೇಳಿದವರು ಎಷ್ಟು ಮಂದಿ?

ಒಪ್ಪಿಗೆ ಇದ್ದಾಗಲೂ ಲೆಕ್ಕ ಬೇಕೇ ಎಂಬ ಪ್ರಶ್ನೆ ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ನೇರವಾಗಿ ಎದ್ದಿತ್ತು. ವಿಚ್ಛೇದಿತ ದಂಪತಿ ರಾಜಿಯಾಗಿ ಮನೆಯನ್ನು ಹೆಂಡತಿಯ ಹೆಸರಿಗೆ ಮಾಡಿಕೊಳ್ಳಲು ಒಪ್ಪಿದ್ದರು. ಆದರೆ ತಾನು ಬೇರೆ ಮದುವೆಗೆ ನಿಶ್ಚಯ ಮಾಡಿಕೊಂಡಿರುವುದನ್ನು ಆಕೆ ಮುಚ್ಚಿಟ್ಟಿದ್ದಳು. 1984ರ ಡಿಸೆಂಬರಿನಲ್ಲಿ ಹೌಸ್ ಆಫ್ ಲಾರ್ಡ್ಸ್ ಆ ಒಪ್ಪಂದದ ಆದೇಶವನ್ನು ರದ್ದುಮಾಡಿತು. ಮುಖ್ಯ ಸಂಗತಿ ಮುಚ್ಚಿಟ್ಟರೆ ರಾಜಿಯ ಆದೇಶವೂ ನಿಲ್ಲದು. ಆ ಕರ್ತವ್ಯ ಗಂಡನಿಗೂ ಹೆಂಡತಿಗೂ ಒಂದೇ.

ನಮ್ಮ ದೇಶದಲ್ಲಿ ಈ ತಿಳಿವಳಿಕೆ ತಡವಾಗಿ ಬಂತು. ವಿಚ್ಛೇದಿತೆಗೆ ನ್ಯಾಯವಾದ ಏರ್ಪಾಡು ಮಾಡಬೇಕೆಂದೂ, ಅದನ್ನು ನಿರ್ಧರಿಸುವಾಗ ಗಂಡನ ಅನುಕೂಲವನ್ನು ನೋಡಬೇಕೆಂದೂ 1986ರ ಕಾಯ್ದೆ ಹೇಳಿತು. ಆ ಏರ್ಪಾಡು ಇದ್ದತ್ತಿನ ದಿನಗಳಿಗಷ್ಟೇ ಅಲ್ಲ, ಮುಂದಿನ ಬಾಳಿಗೂ ಎಂದು 2001ರಲ್ಲಿ ಡ್ಯಾನಿಯಲ್ ಲತೀಫಿ ಪ್ರಕರಣದಲ್ಲಿ ತೀರ್ಪಾಯಿತು. ಅನುಕೂಲವನ್ನು ಪ್ರಮಾಣಪತ್ರದಲ್ಲಿ ಬರೆದೇ ತೋರಿಸಬೇಕೆಂಬ ನಿಯಮ ದೇಶಕ್ಕೆಲ್ಲ ಬಂದದ್ದು 2020ರ ನವೆಂಬರಿನಲ್ಲಿ, ರಜನೀಶ್ ಮತ್ತು ನೇಹಾ ಪ್ರಕರಣದ ತೀರ್ಪಿನಿಂದ. ಸಂಬಳ, ಮನೆ, ಜಮೀನು, ಚಿನ್ನ, ವಿಮೆ, ಸಾಲ ಎಲ್ಲವನ್ನೂ ಇಬ್ಬರೂ ಹೇಳಬೇಕು. ಕೂಲಿಕಾರರಿಗೂ ಬಡತನದ ರೇಖೆಯ ಕೆಳಗಿನವರಿಗೂ ವಿನಾಯಿತಿ ಇದೆ. ಆದರೆ ಅದು ಜೀವನಾಂಶದ ದಾವೆಗೆ ಹೇಳಿದ ಮಾತು. ದಾವೆಯೇ ಹೂಡದೆ, ‘ನನಗೇನೂ ಬೇಡ’ ಎಂದು ಬರೆದುಕೊಟ್ಟು ಖುಲಾ ಪಡೆಯುವವಳ ಬಳಿಗೆ ಆ ಪ್ರಮಾಣಪತ್ರ ತಾನಾಗಿ ಬರುವುದಿಲ್ಲ.

ಏನನ್ನು ಬಿಡುತ್ತಿದ್ದೇನೆಂದು ತಿಳಿದು ಬಿಡುವುದು ಔದಾರ್ಯ. ತಿಳಿಯದೆ ಬಿಡುವುದು ನಷ್ಟ. ಕೋರ್ಟಿನ ಅಪ್ಪಣೆಗಾಗಿ ನಮ್ಮ ಜಮಾಅತುಗಳು ಕಾಯಬೇಕಾಗಿಲ್ಲ. ಬಾಕಿ ಮೆಹರ್, ತವರಿನಿಂದ ಬಂದ ಒಡವೆ, ಗಂಡನ ಆದಾಯ, ಇಬ್ಬರ ಸಾಲ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆಸಲಿ. ಬಿಡುಗಡೆಯ ಕಾಗದಕ್ಕೆ ರುಜು ಹಾಕಿಸುವ ಮೊದಲು ಅದನ್ನು ಆಕೆಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಲಿ. ನಿಕಾಹ್‌ನಾಮಾ ಬರೆಯಬಲ್ಲ ಕೈಗೆ ಇದು ಕಷ್ಟದ ಕೆಲಸವಲ್ಲ.