ಏಳಡಿ ಬಾಡಿ, ಎಂಟಡಿ ಬಾಡಿ

ಪಿಕಪ್ ಗಾಡಿಯಲ್ಲಿ ಸರಕು ತುಂಬುವ ಜಾಗವನ್ನು ಅಮೆರಿಕದವರು ‘ಬೆಡ್’ ಅನ್ನುತ್ತಾರೆ. ನಮ್ಮ ಚಾಲಕರಿಗೆ ಅದು ‘ಬಾಡಿ’. ಚೆನ್ನೈಯಲ್ಲಂತೂ ಈ ಪದ ಸೈಕಲ್ ಗಾಡಿಗೂ ಅಂಟಿಕೊಂಡಿದೆ. ಮುಂದೆ ಹಲಗೆ, ಹಿಂದೆ ತುಳಿಯುವವನು ಇರುವ ಮೂರು ಚಕ್ರದ ಗಾಡಿಯನ್ನು ಅಲ್ಲಿ ‘ಮೀನ್‌ಬಾಡಿ ವಂಡಿ’ ಎಂದು ಕರೆಯುತ್ತಾರೆ. ಮೀನು ಹೊರುತ್ತಿದ್ದ ಆ ಹಲಗೆಯ ಮೇಲೆ ಆಮೇಲೆ ಕಬ್ಬಿಣ, ಮರ, ತರಕಾರಿ ಎಲ್ಲವೂ ಏರಿದವು.

ಬಾಡಿ ಎಷ್ಟು ಉದ್ದವಿರಬೇಕು? 1925ರಲ್ಲಿ ಫೋರ್ಡ್ ಕಂಪನಿ ಮಾಡೆಲ್ ಟಿ ಗಾಡಿಗೆ ಕಾರ್ಖಾನೆಯಲ್ಲೇ ಕೂಡಿಸಿ ಮಾರಿದ ಪಿಕಪ್ ಬಾಡಿಯ ಉದ್ದ 56 ಅಂಗುಲ, ಐದಡಿಗೂ ಕಡಿಮೆ. ಇವತ್ತು ಅಮೆರಿಕದಲ್ಲಿ ಉದ್ದ ಬಾಡಿ ಅಂದರೆ 8 ಅಡಿ. ಪ್ಲೈವುಡ್ ಹಾಳೆಯ ಉದ್ದವೂ ಅಷ್ಟೇ.

ನಮ್ಮಲ್ಲಿ ಲಾರಿ ಕೊಳ್ಳುವವರು ಬರೀ ಚಾಸಿ ಕೊಂಡು, ನಾಮಕ್ಕಲ್ ಕಡೆಗೆ ಒಯ್ದು ಬಾಡಿ ಕಟ್ಟಿಸುವ ರೂಢಿಯಿತ್ತು. ಉದ್ದ ಎಷ್ಟು, ಹಲಗೆ ಎಷ್ಟೆತ್ತರ ಎಂಬುದನ್ನು ಮಾಲೀಕನೂ ಬಾಡಿ ಕಟ್ಟುವವನೂ ಕೂತು ಮಾತಾಡುತ್ತಿದ್ದರು. ಸಣ್ಣ ಗಾಡಿಗಳು ಬಂದ ಮೇಲೆ ಆ ಮಾತುಕತೆ ಷೋರೂಮಿನ ಬೆಲೆಪಟ್ಟಿಗೆ ಹೋಯಿತು.

ಅದಕ್ಕೂ ಮುಂಚೆ ಚೆನ್ನೈಯ ಮಾರುಕಟ್ಟೆಯೇ ಜಾಗ ಬದಲಿಸಿತ್ತು. ಜಾರ್ಜ್ ಟೌನಿನ ಇಕ್ಕಟ್ಟಿನ ಕೊತ್ವಾಲ್ ಚಾವಡಿಯ ಸಗಟು ತರಕಾರಿ ವ್ಯಾಪಾರ 1996ರಲ್ಲಿ ಕೋಯಂಬೇಡಿಗೆ ಹೋಯಿತು. ಲಾರಿಗಳಿಗೆ ಅನುಕೂಲವಾಯಿತು. ಆದರೆ ಹಳೆಯ ಪೇಟೆಯ ಚಿಲ್ಲರೆ ಅಂಗಡಿಯವರಿಗೆ ಮಾರುಕಟ್ಟೆ ದೂರವಾಯಿತು. ತುಳಿದು ತರುವ ದಾರಿ ಅಲ್ಲ ಅದು.

2005ರಲ್ಲಿ ಟಾಟಾ ಏಸ್ ಬಂತು. ಎರಡು ಸಿಲಿಂಡರಿನ ಡೀಸೆಲ್ ಎಂಜಿನ್, ಸುಮಾರು 7 ಅಡಿಯ ಬಾಡಿ, ಹೊರುವುದು ಮುಕ್ಕಾಲು ಟನ್. ಹಿಂದಿಯವರಿಗೆ ಅದು ‘ಛೋಟಾ ಹಾಥಿ’ ಆಯಿತು, ತಮಿಳರಿಗೆ ‘ಕುಟ್ಟಿ ಯಾನೈ’. 2011ರಲ್ಲಿ ಚೆನ್ನೈಯದೇ ಕಂಪನಿ ಅಶೋಕ್ ಲೇಲ್ಯಾಂಡ್, ನಿಸಾನ್ ಜೊತೆ ಸೇರಿ ‘ದೋಸ್ತ್’ ತಂದಿತು. ಗಡಿಯೂರು ಹೊಸೂರಿನಲ್ಲಿ ತಯಾರಾದ ಈ ಗಾಡಿಯ ಬಾಡಿ 8 ಅಡಿಗೆ ತುಸು ಹೆಚ್ಚು, ಹೊರೆ ಒಂದೂಕಾಲು ಟನ್. ಪ್ಲೈವುಡ್ ಹಾಳೆ ಇದರೊಳಗೆ ಮಲಗುತ್ತದೆ. ಏಸ್‌ನಲ್ಲಿ ಹಿಂಬಾಗಿಲು ಇಳಿಸಬೇಕು, ಹಾಳೆ ಹೊರಗೆ ಚಾಚುತ್ತದೆ.

ಒಂದಡಿ ಹೆಚ್ಚಾದರೆ ಒಳ್ಳೆಯದೇ ಅಲ್ಲವೇ ಅನ್ನಿಸಬಹುದು. ಟೊಮೆಟೊ ಲೆಕ್ಕ ಹಾಕಿ ನೋಡಿ. ಕೋಲಾರದ ಕ್ರೇಟಿನಲ್ಲಿ 15 ಕೆಜಿ ಹಣ್ಣು. ಮುಕ್ಕಾಲು ಟನ್ನಿಗೆ 50 ಕ್ರೇಟು, ಒಂದೂಕಾಲು ಟನ್ನಿಗೆ 83. ಇಲ್ಲಿ ಗಾಡಿಯನ್ನು ತಡೆಯುವುದು ತೂಕ, ಉದ್ದವಲ್ಲ. ಬಾಡಿಯಲ್ಲಿ ಜಾಗ ಉಳಿದಿದೆ ಎಂದು ಇನ್ನಷ್ಟು ಪೇರಿಸಿದರೆ ಬ್ರೇಕಿಗೂ ಟೈರಿಗೂ ಹೊರೆ. ಹೂವು, ಪೈಪು, ಖಾಲಿ ಕ್ರೇಟುಗಳ ಬಾಡಿಗೆ ಹಿಡಿದವನಿಗೆ ಮಾತ್ರ ಉದ್ದವೇ ಸಂಪಾದನೆ.

ಕಾನೂನೂ ಒಂದು ಗೆರೆ ಎಳೆದಿದೆ. 1988ರ ಮೋಟಾರು ವಾಹನ ಕಾಯ್ದೆಯ 66ನೇ ಕಲಮಿನಂತೆ, ಹೊರೆಯೂ ಸೇರಿ 3,000 ಕೆಜಿ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಡ. ಬಾಡಿ ಬೆಳೆಸುತ್ತ ಹೋದರೆ ಗಾಡಿ ಈ ಗೆರೆ ದಾಟುತ್ತದೆ. ಸರಳು, ಪೈಪು ಹಿಂದಕ್ಕೆ ಚಾಚಿಕೊಂಡು ಓಡಲು ಇದ್ದ ಅವಕಾಶವನ್ನು 2014ರ ನಿಯಮ ತಿದ್ದುಪಡಿ ತೆಗೆದುಹಾಕಿತು. ಹಿಂಬಾಗಿಲು ಇಳಿಸಿ ಏಳಡಿಯನ್ನು ಎಂಟಡಿ ಮಾಡಿಕೊಳ್ಳುವ ಉಪಾಯ ಈಗ ದಂಡಕ್ಕೂ ಅಪಘಾತಕ್ಕೂ ದಾರಿ.

ಇನ್ನು ಕಂತು. ಗಾಡಿ ಸಾಲದ ವ್ಯವಹಾರ ಬೆಳೆದದ್ದೂ ಚೆನ್ನೈಯಲ್ಲೇ. ಸುಂದರಂ ಫೈನಾನ್ಸ್ 1954ರಲ್ಲಿ, ಶ್ರೀರಾಮ್ ಟ್ರಾನ್ಸ್‌ಪೋರ್ಟ್ ಫೈನಾನ್ಸ್ 1979ರಲ್ಲಿ ಅಲ್ಲಿ ಹುಟ್ಟಿದವು. ತಾನೇ ಮಾಲೀಕ, ತಾನೇ ಚಾಲಕ ಆದವನಿಗೆ ದೊಡ್ಡ ಗಾಡಿ ಅಂದರೆ ದೊಡ್ಡ ಕಂತು. ಉದ್ದ ಬಾಡಿ ದಿನವೂ ತುಂಬಿದರೆ ಒಂದು ಟ್ರಿಪ್ಪಿನ ಡೀಸೆಲ್ ಉಳಿಯುತ್ತದೆ. ಅರ್ಧ ಖಾಲಿ ಓಡಿದರೆ ಕಂತು ಕಟ್ಟಲು ಮಿತಿ ಮೀರಿ ಹೇರುವ ಆಸೆ ಹುಟ್ಟುತ್ತದೆ. ಅದಕ್ಕೇ ಕೊಳ್ಳುವ ಮುನ್ನ ಅಳೆಯಬೇಕಾದದ್ದು ಮೊದಲು ಸರಕಿನ ತೂಕ, ಆಮೇಲೆ ಗಾಡಿ ತಿರುಗಬೇಕಾದ ಬೀದಿ, ಕೊನೆಗೆ ಬಾಡಿಯ ಉದ್ದ.